ಮೂರನೇ ದಿನದ ಕಾವಲು

ಬೆಳಗಿನ ಐದೂವರೆ. ಹೃದಯದ ಶಸ್ತ್ರಚಿಕಿತ್ಸೆಯಾದವರ ವಾರ್ಡಿನಲ್ಲಿ ಹಿರಿಯ ನರ್ಸ್ ಒಬ್ಬರು ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಲ್ಯಾಬಿನವರ ಜೊತೆ ಜಗಳಕ್ಕೆ ನಿಂತಿದ್ದಾರೆ. "ಏಳನೇ ಬೆಡ್ಡಿನ ಪೊಟ್ಯಾಸಿಯಂ ಎಷ್ಟು ಬಂತಪ್ಪಾ? ನಾಲ್ಕು ಗಂಟೆಗೇ ರಕ್ತ ಕಳ್ಸಿದೀನಿ. ಅದನ್ನೇನು ಕಾವಿಗಿಟ್ಟಿದೀರಾ?"

ವಾರ್ಡಿನವರು ಇವರಿಗೆ ಇಟ್ಟಿರುವ ಹೆಸರು ಗೊಣಗಕ್ಕ.

ಆಪರೇಷನ್ ಆಗಿ ಎರಡು ಮೂರು ದಿನಕ್ಕೆ, ಇನ್ನೇನು ಗೆದ್ದೆವು ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೇ, ಕೆಲವರ ಹೃದಯ ತಾಳ ತಪ್ಪುತ್ತದೆ. ಆಗ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಅದನ್ನು ಆದಷ್ಟು ತಡೆಯಲು ರಕ್ತದಲ್ಲಿ ಪೊಟ್ಯಾಸಿಯಂನಂಥ ಲವಣ ಎಷ್ಟಿದೆ ನೋಡಬೇಕು, ಬಡಿತ ಹಿಡಿತದಲ್ಲಿಡುವ ಮಾತ್ರೆ ತಪ್ಪದೆ ಕೊಡಬೇಕು. "ಇಷ್ಟೇ ಕೆಲಸ. ಇಷ್ಟೇ ಅಂತಾನೇ ಎಲ್ರೂ ಮರೀತಾರೆ," ಎಂದು ಗೊಣಗಕ್ಕ ಸಿಡುಕುತ್ತಾರೆ.

ಇಪ್ಪತ್ತೆರಡು ವರ್ಷದ ಹಿಂದೆ ಡಾಕ್ಟರು ಹಾಗೆ ಮರೆತದ್ದು, ಹೃದಯದ ಆಪರೇಷನ್ ಆಗಿದ್ದ ಇವರ ಸೋದರಮಾವನ ಮಾತ್ರೆಯನ್ನು. ಮಾವ ದರ್ಜಿ. ಮೂರನೇ ದಿನ ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಯಿತು. "ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಚೀಟಿಲಿ ಆ ಮಾತ್ರೆ ಇಲ್ಲ ಅಂತ ನೋಡಿದ್ದೆ. ಹೇಳೋಕೆ ಹೆದರ್ಕೊಂಡೆ."

ಈಗ ಹೆದರುವುದಿಲ್ಲ. ಏಳನೇ ಬೆಡ್ಡಿನ ನಿವೃತ್ತ ಬಸ್ ಡ್ರೈವರ್‌ಗೆ ಆಪರೇಷನ್ನಿಗೆ ಮುಂಚೆ ಇದ್ದ ಅದೇ ಬಡಿತದ ಮಾತ್ರೆ ಮತ್ತೆ ಶುರುವಾಗಿಲ್ಲ. ಕಿರಿಯ ಡಾಕ್ಟರು ಆಕಳಿಸುತ್ತಾ, "ರೌಂಡ್ಸಲ್ಲಿ ನೋಡೋಣ ಸಿಸ್ಟರ್," ಎನ್ನುತ್ತಾರೆ.

"ರೌಂಡ್ಸು ಹತ್ತಕ್ಕೆ ಅಂತ ಅವರ ಹೃದಯಕ್ಕೆ ಗೊತ್ತಾ ಸರ್? ಬಿಪಿ, ನಾಡಿ, ಪೊಟ್ಯಾಸಿಯಂ ಎಲ್ಲಾ ಬರ್ಕೊಂಡು ಬಂದಿದೀನಿ, ನೋಡಿ."

ಚೀಟಿ ಹಿಡಿದು ಡಾಕ್ಟರ ಕೋಣೆಯ ಬಾಗಿಲಲ್ಲೇ ನಿಲ್ಲುತ್ತಾರೆ. ಡಾಕ್ಟರು ಎಲ್ಲವನ್ನೂ ಓದಿ, ಹಾಸಿಗೆಯವರೆಗೂ ಬಂದು ರೋಗಿಯನ್ನು ನೋಡಿ, ಮಾತ್ರೆ ಬರೆಯುತ್ತಾರೆ.

ಇನ್ನು ಡ್ರೈವರ್‌ರ ಸರದಿ. "ಚೆನ್ನಾಗೇ ಇದೀನಲ್ಲಮ್ಮಾ, ಇನ್ನೊಂದು ಮಾತ್ರೆ ಯಾಕೆ?"

"ಬಸ್ಸು ಚೆನ್ನಾಗಿದ್ರೂ ಹೊರಡೋ ಮುಂಚೆ ಬ್ರೇಕ್ ನೋಡ್ತಿದ್ರೋ ಇಲ್ವೋ? ನುಂಗಿ."

ನುಂಗುತ್ತಾರೆ. ಪರದೆಯ ಮೇಲಿನ ಬಡಿತದ ಗೆರೆ ಒಮ್ಮೆಯೂ ಕೆಡುವುದಿಲ್ಲ. ಆರನೇ ದಿನ ನಡೆದುಕೊಂಡೇ ಮನೆಗೆ ಹೊರಡುವ ಡ್ರೈವರ್ ಸಲಹಾ ಪುಸ್ತಕದಲ್ಲಿ ಬರೆಯುತ್ತಾರೆ: "ಊಟ ಪರವಾಗಿಲ್ಲ. ಒಬ್ಬ ನರ್ಸಿಗೆ ಬಾಯಿ ಜಾಸ್ತಿ."

ಹದಿನಾಲ್ಕು ಹಾಸಿಗೆಯ ಈ ವಾರ್ಡಿನಲ್ಲಿ ಮೊದಲು ಹತ್ತು ರೋಗಿಗಳಲ್ಲಿ ನಾಲ್ವರಿಗೆ ತಾಳ ತಪ್ಪುತ್ತಿತ್ತು, ಈಗ ಇಬ್ಬರಿಗೆ. ಅದನ್ನು ಹೊಗಳಲು ಹೋದರೆ ಕೈಯಾಡಿಸಿ ತಡೆಯುತ್ತಾರೆ.

"ಇಬ್ಬರಿಗೆ ಇನ್ನೂ ಆಗ್ತಿದೆಯಲ್ಲ. ಎಲ್ಲಾ ಸರಿಯಾಗಿ ಕೊಟ್ರೂ ಆಗತ್ತೆ. ಅದ್ಯಾಕೆ ಅಂತ ನಾನು ನಿವೃತ್ತಿ ಆಗೋದ್ರೊಳಗೆ ಯಾರಾದ್ರೂ ಕೂರ್ಸಿ ಹೇಳ್ಕೊಟ್ರೆ ಸಾಕು. ಬಾಯ್ಮುಚ್ಕೊಂಡು ಕೇಳ್ತೀನಿ."