ತುಟ್ಟಿ ಪೆಟ್ರೋಲು

ಕಳೆದ ವಾರ ಇಳಕಲ್ಲಿನ ಪೆಟ್ರೋಲ್ ಬಂಕಿನಲ್ಲಿ ನನ್ನ ಮುಂದಿದ್ದ ಬೈಕಿನ ಟ್ಯಾಂಕು ತುಂಬಿ ಒಂದಿಷ್ಟು ಪೆಟ್ರೋಲು ಕೆಳಗೆ ಚೆಲ್ಲಿತು. ಕಾದ ಸಿಮೆಂಟಿನ ಮೇಲೆ ಬಿದ್ದದ್ದು ನೋಡನೋಡುತ್ತ ಆರಿಹೋಯಿತು. ವಾಸನೆ ಮಾತ್ರ ನನ್ನ ಕಾರಿನೊಳಗೆ ಬಂದು ನಿಂತಿತು. ಆ ವಾಸನೆಗೆ ನನಗೆ ನೆನಪಾಗುವುದು ಹುನಗುಂದ ರಸ್ತೆಯ ಒಂದು ಗ್ಯಾರೇಜು, ಅಲ್ಲಿ ಮಣೆಯ ಮೇಲೆ ಕೂತು ಪೆಟ್ರೋಲಿನಲ್ಲಿ ಪ್ಲಗ್ಗು ತೊಳೆಯುತ್ತಿದ್ದ ಮಿಸ್ತ್ರಿಯವರು.

ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಒಳಗಿನ ಸಪ್ಪಳ ಕೇಳುತ್ತಿದ್ದರು. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋಗುವಾಗ ಬಿಟ್ಟರೆ ಅವರ ಗ್ಯಾರೇಜಿನ ಬಾಗಿಲು ಮುಚ್ಚಿದ್ದು ನಾನು ನೋಡಿರಲಿಲ್ಲ... ಆಗ.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವನು. ನಮ್ಮ ಮನೆತನದಲ್ಲೇ ಮೊದಲನೆಯವನಾಗಿ ಒಂದು ಹಳೆಯ ಕಾರು ಕೊಂಡಿದ್ದೆ. ವರ್ಷ ಕಳೆದ ಮೇಲೆ ಅದು ಏರು ಬಂದಲ್ಲೆಲ್ಲ ಕಟಕಟ ಎನ್ನತೊಡಗಿತು. ಮಿಸ್ತ್ರಿಯವರ ಹತ್ತಿರ ಒಯ್ದೆ.

"ರೇಡಿಯೇಟರ್‌ನ್ಯಾಗ ಕಸ ತುಂಬೇತ್ರಿ ಸರ್. ಇಂಜಿನ್ ಭಾಳ ಕಾಯ್ತೈತಿ, ಅದಕ್ಕ ಬಡಕೊಳ್ಳಾಕತ್ತೈತಿ. ಎರಡ ದಿನ ಬಿಟ್ಟ ಹೋಗ್ರಿ," ಎಂದರು.

"ಅದೇನು ಬ್ಯಾಡ. ಪೆಟ್ರೋಲ್ ಬದಲಿ ಮಾಡತೇನಿ. ಹೆಚ್ಚಿನ ಆಕ್ಟೇನ್‌ದು ತುಟ್ಟೀದು ಹಾಕಿದ್ರ ಸಪ್ಪಳ ನಿಂದರತೈತಿ," ಎಂದೆ.

"ಸಪ್ಪಳ ನಿಂದರತೈತ್ರಿ, ಕಾವು ಹೋಗಂಗಿಲ್ಲ. ಈ ಗಾಡಿಗೆ ಸಾದಾ ಪೆಟ್ರೋಲ್ ಸಾಕ್ರಿ."

ಪಕ್ಕದ ಚಹಾದಂಗಡಿಯಲ್ಲಿ ನನ್ನ ಇಬ್ಬರು ಸಹೋದ್ಯೋಗಿಗಳು ಕೂತಿದ್ದರು. ಅವರು ಕೇಳುತ್ತಿದ್ದಾರೆಂದು ಗೊತ್ತಿದ್ದೇ ದನಿ ಏರಿಸಿದೆ. "ಮಿಸ್ತ್ರಿ, ನಾ ಕೆಮಿಸ್ಟ್ರಿ ಕಲಸಾಂವ. ಆಕ್ಟೇನ್ ಅಂದ್ರ ಏನಂತ ನೀವು ನನಗ ಹೇಳಿ ಕೊಡತೀರೇನು?"

ಅವರು ಕೈ ಒರೆಸಿಕೊಂಡು, "ಇಲ್ಲರಿ ಸರ್," ಎಂದರು. ಅಷ್ಟೇ.

ತುಟ್ಟಿ ಪೆಟ್ರೋಲು ಹಾಕಿಸಿದೆ. ಸಪ್ಪಳ ನಿಜಕ್ಕೂ ನಿಂತಿತು. ನನ್ನ ಸೊಕ್ಕಿಗೆ ಅದು ಸಾಕಾಯಿತು. ಚಹಾದಂಗಡಿಯಲ್ಲಿ, ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದೆ. ಬರೀ ಪೆಟ್ರೋಲಿನ ಸುದ್ದಿ ಹೇಳಿದ್ದರೆ ಇಷ್ಟು ನಾಚಿಕೆಪಡಬೇಕಾಗಿರಲಿಲ್ಲ. "ರೊಕ್ಕ ಎಬ್ಬಸಾಕ ಸುಮ್ನ ಇಂಜಿನ್ ಬಿಚ್ಚಸ್ತಾರ ಆ ಮಿಸ್ತ್ರಿ," ಎಂದೂ ಸೇರಿಸಿದೆ. ಮೇಷ್ಟರು ಹೇಳಿದ ಮಾತೆಂದು ಜನ ನಂಬಿದರು. ಕಾಲೇಜಿನ ಕಾರುಗಳು ಒಂದೊಂದಾಗಿ ಬಾಗಲಕೋಟೆಯ ಗ್ಯಾರೇಜುಗಳಿಗೆ ಹೋಗತೊಡಗಿದವು.

ಆ ಬೇಸಿಗೆಯಲ್ಲಿ ಅವ್ವನನ್ನು ಕೂರಿಸಿಕೊಂಡು ಶಿವಯೋಗ ಮಂದಿರಕ್ಕೆ ಹೊರಟೆ. ಗುಡೂರು ದಾಟಿ ಒಂದು ಏರಿನಲ್ಲಿ ಬಾನೆಟ್ಟಿನಿಂದ ಹೊಗೆಯಂತೆ ಉಗಿ ಎದ್ದು ಕಾರು ನಿಂತಿತು. ಮಟಮಟ ಮಧ್ಯಾಹ್ನ. ಹತ್ತಿರದಲ್ಲಿ ಇದ್ದದ್ದು ಒಂದು ಜಾಲಿಗಿಡ; ಅದರ ನೆರಳು ಅವ್ವನ ತಲೆಗಷ್ಟೇ ಸಾಕಾಗುತ್ತಿತ್ತು. ಬಾಗಲಕೋಟೆಯ ಗ್ಯಾರೇಜಿಗೆ ಫೋನ್ ಮಾಡಿದೆ. ನಾಳೆ ನೋಡೋಣ ಎಂದರು. ಬೇರೆ ದಾರಿ ಕಾಣದೆ ಮಿಸ್ತ್ರಿಯವರಿಗೆ ಮಾಡಿದೆ. ಎಲ್ಲಿದ್ದೀರಿ, ಜೊತೆಗೆ ಯಾರಿದ್ದಾರೆ ಎಂದು ಕೇಳಿ ಫೋನ್ ಇಟ್ಟರು.

ಬೈಕಿಗೆ ನೀರಿನ ಕ್ಯಾನು ಕಟ್ಟಿಕೊಂಡು ಬಂದರು. ಮೊದಲು ಅವ್ವನಿಗೆ ಕುಡಿಯಲು ತಣ್ಣನೆಯ ನೀರು ಕೊಟ್ಟರು. ಆಮೇಲೆ ಬಾನೆಟ್ ಎತ್ತಿ ನೋಡಿ, "ಕಾವಿಗೆ ಇಂಜಿನ್ನಿನ ಹೆಡ್ ಹೋಗೇತ್ರಿ ಸರ್. ಎಳಕೊಂಡ ಹೋಗಬೇಕು," ಎಂದರು. ನಾನು ಹೇಳಿದ್ದೆನಲ್ಲ ಎನ್ನಲಿಲ್ಲ. ಹಾಗೆ ಅಂದಿದ್ದರೆ ನನಗೆ ಹಗುರಾಗುತ್ತಿತ್ತೇನೋ...

ನಾಲ್ಕು ದಿನ ಕೂತು ಕಾರು ಸರಿಮಾಡಿ ಕೊಟ್ಟರು. ಅದನ್ನು ತರಲು ಹೋದಾಗ, ಸೀಟಿನ ಕೆಳಗೆ ಸಿಕ್ಕಿತೆಂದು ಗಾಡಿಯ ಪುಸ್ತಕವನ್ನು ನನ್ನ ಕೈಗಿಟ್ಟರು. ಅದರಲ್ಲಿ ಆಕ್ಟೇನ್ ತೊಂಬತ್ತೊಂದು ಎಂದು ಸ್ಪಷ್ಟವಾಗಿ ಬರೆದಿತ್ತು, ಎಂದರೆ ಸಾದಾ ಪೆಟ್ರೋಲು. ಎಂಜಿನ್ನು ಪೆಟ್ರೋಲನ್ನು ಎಷ್ಟು ಒತ್ತುತ್ತದೆಯೋ ಅದಕ್ಕೆ ತಕ್ಕ ಆಕ್ಟೇನ್ ಇರಬೇಕು, ಹೆಚ್ಚಿನದರಿಂದ ಲಾಭವಿಲ್ಲ ಎಂದು ನಾನೇ ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದೆ.

ಸ್ಟಾಫ್ ರೂಮಿನಲ್ಲಿ ಗಾಡಿಗೆ ಏನಾಗಿತ್ತೆಂದು ಕೇಳಿದರು. "ಹಳೇ ಗಾಡಿ ನೋಡ್ರಿ," ಎಂದೆ.

ಗಿರಾಕಿಗಳಿಲ್ಲದೆ ಮಿಸ್ತ್ರಿಯವರ ಗ್ಯಾರೇಜಿನ ಬಾಗಿಲು ಮೊದಲು ಮಧ್ಯಾಹ್ನ, ಆಮೇಲೆ ದಿನಗಟ್ಟಲೆ ಮುಚ್ಚಿರತೊಡಗಿತು. ಹೋದ ವರ್ಷ ಮಿಸ್ತ್ರಿಯವರು ಎದೆನೋವಿನಿಂದ ತೀರಿಕೊಂಡರು. ಮಣ್ಣು ಕೊಡಲು ಹೋದಾಗ ನನ್ನ ಪಕ್ಕ ನಿಂತಿದ್ದವರೊಬ್ಬರು ಮೆಲ್ಲಗೆ, "ಮನಿಷ್ಯಾ ಛಲೋ ಇದ್ದ. ಆದ್ರ ಸುಮ್ನ ಇಂಜಿನ್ ಬಿಚ್ಚಸ್ತಿದ್ದ ಅಂತಾರ," ಎಂದರು. ಆ ಮಾತು ಹುಟ್ಟಿದ್ದು ನನ್ನಿಂದ ಎಂದು ಆಗಲೂ ಹೇಳಲಿಲ್ಲ.

ಐದು ತಿಂಗಳು ತಡಮಾಡಿ ಅವರ ಮನೆಗೆ ಹೋದೆ. ಅವರ ಹೆಂಡತಿ ಬಾಗಿಲ ಒಳಗೆ ಕೂತಿದ್ದರು. ಎಲ್ಲವನ್ನೂ ಹೇಳಿದೆ. ಅವರು ಒಳಗಿನವರಿಗೆ ಚಹಾ ಇಡಲು ಹೇಳಿ ನನ್ನ ಕಡೆ ತಿರುಗಿದರು.

"ಅವರಿಗೆ ಗೊತ್ತಿತ್ರಿ. ಚಹಾದಂಗಡಿಯವರು ಹೇಳಿದ್ರು."

"ಯಾವಾಗರಿ?"

"ನಿಮ್ಮ ಗಾಡಿ ಗುಡೂರ ಕಡೆ ನಿಂತಿತ್ತಲ್ರಿ, ಅದಕ್ಕೂ ಮೊದಲ. ಅವತ್ತ ನಾ ಹೋಗಬ್ಯಾಡ್ರಿ ಅಂದ್ನಿ. 'ಮುದುಕಿ ಬಿಸಲಾಗ ಕುಂತಾಳಂತ' ಅಂತ ಎದ್ದ ಹೋದ್ರು."

ಅವರು ತರಿಸಿಟ್ಟ ಚಹಾ ಕುಡಿದು ಎದ್ದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ ಹೇಳಿದೆ: ಮಿಸ್ತ್ರಿಯವರ ಮೇಲಿನ ಆ ಮಾತು ಸುಳ್ಳು, ಅದನ್ನು ಹುಟ್ಟಿಸಿದವನು ನಾನು. ಯಾರೂ ಬೈಯಲಿಲ್ಲ. "ಹೋಗ್ಲಿ ಬಿಡ್ರಿ ಸರ್, ಹಳೇ ಮಾತು," ಎಂದು ಒಬ್ಬರು ಉತ್ತರಪತ್ರಿಕೆ ತಿದ್ದುವುದನ್ನು ಮುಂದುವರಿಸಿದರು. ಅವರು ಇವತ್ತಿಗೂ ಕಾರನ್ನು ಬಾಗಲಕೋಟೆಗೇ ಒಯ್ಯುತ್ತಾರೆ. ನಾನೂ ಅಲ್ಲಿಗೇ ಒಯ್ಯುತ್ತೇನೆ... ಅಲ್ಲಿ ಗಾಡಿಗೆ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ. ಜೊತೆಗೆ ಯಾರಿದ್ದಾರೆ ಎಂದು ಯಾರೂ ಕೇಳುವುದಿಲ್ಲ.