ಬೇರಿಗೆ ಗೆರೆ ಕೊರೆದವರು ಯಾರು

ಅವಳನ್ನು ಎಲ್ಲರೂ ಕಾಜಾ ಅತ್ತಿಗೆ ಎನ್ನುತ್ತಿದ್ದರು. ಗುಂಡಿ ತೂರಿಸುವ ಸೀಳಿನ ಸುತ್ತ ಒತ್ತಾಗಿ ದಾರ ಹೆಣೆಯುವುದಕ್ಕೆ ದರ್ಜಿಗಳು ಕಾಜಾ ಹಾಕುವುದು ಎನ್ನುತ್ತಾರೆ. ಇವಳು ಹಾಕಿದ ಕಾಜಾ ಕೋಟು ಹರಿದರೂ ಹರಿಯುವುದಿಲ್ಲ ಎಂದು ಅಂಗಡಿಯ ಮಾಸ್ಟರ್ ಗಿರಾಕಿಗಳ ಮುಂದೆ ಹೇಳಿಕೊಳ್ಳುತ್ತಿದ್ದರು. ಮೂವತ್ತು ವರ್ಷ ಅದೇ ಕಿಟಕಿ, ಅದೇ ಮೋಟು ಸ್ಟೂಲು. ಗಂಡ ಹೋದ ಮೇಲೆ ಅವಳ ಅನ್ನವೂ ಮಾನವೂ ಆ ಹತ್ತು ಬೆರಳಿನ ಮೇಲೆಯೇ ನಿಂತಿದ್ದವು.

ಗಂಡ ಹೋದ ಬಗೆಯನ್ನೂ ಹೇಳಬೇಕು. ಕಾಲಿನ ಗಾಯಕ್ಕೆ ಮೊದಲು ಎಲೆ ಅರೆದು ಕಟ್ಟಿದರು, ಕಾಲು ಕಪ್ಪಾದ ಮೇಲೆ ಆಸ್ಪತ್ರೆಗೆ ಹೊತ್ತರು. "ತಡವಾಗಿ ತಂದ್ರಿ" ಎಂದರು ಆಸ್ಪತ್ರೆಯವರು. "ಸೂಜಿ ಚುಚ್ಚಿಸಿದ್ದಕ್ಕೇ ಹೋದ" ಎಂದ ಎಲೆಯವನು. ಇಬ್ಬರ ಮಾತಿನ ನಡುವೆ ಮನುಷ್ಯ ಮಣ್ಣು ಸೇರಿದ. ಅಂದಿನಿಂದ ಅವಳು ಇಬ್ಬರನ್ನೂ ನಂಬಲಿಲ್ಲ, ಇಬ್ಬರನ್ನೂ ಬಿಡಲೂ ಇಲ್ಲ.

ನೆಗಡಿಯಾದರೆ ಮೂರು ದಿನ ಶುಂಠಿ, ಜೇನು. ನಾಲ್ಕನೆಯ ದಿನ ಡಾಕ್ಟರು. ಹೊಟ್ಟೆ ಉಬ್ಬರಿಸಿದರೆ ಓಮದ ನೀರು, ಆದರೆ ಓಮವನ್ನು ತಾನೇ ಆರಿಸಿರಬೇಕು. ಹೊಸ ಮಾತ್ರೆ ಬಂದರೆ ಒಂದನ್ನು ನೀರಿಗೆ ಹಾಕಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ಕಾಯುತ್ತ ಕೂರುವಳು. ಸಿರಪ್ಪನ್ನು ಬಿಳಿ ಚಿಂದಿಯ ಮೇಲೆ ಒಂದು ತೊಟ್ಟು ಬಿಟ್ಟು ತೊಳೆಯುವಳು, ಕಲೆ ಉಳಿದರೆ, "ಬಟ್ಟೆಗೇ ಹಿಂಗೆ ಅಂಟ್ಕೊಂಡಿದ್ದು ಕರುಳಿಗೆ ಅಂಟ್ಕೊಳಲ್ವಾ?" ಎಂದು ಸೀಸೆಯನ್ನು ಮೂಲೆಗಿಡುವಳು. ಜ್ವರ ನೋಡುವ ಕಡ್ಡಿಯನ್ನು ಮೊದಲು ಗುಂಡುಕಲ್ಲಿನಂತಿದ್ದ ಹಾಲಿನವಳ ಕಂಕುಳಲ್ಲಿಟ್ಟು ನೋಡಿ, ಆಮೇಲಷ್ಟೇ ತನಗೆ ಜ್ವರವಿದೆ ಎಂದು ಒಪ್ಪಿಕೊಂಡಿದ್ದಳು.

ಇಷ್ಟು ಹುಷಾರಿನವಳು ಮಾಡಿದ ತಪ್ಪು ಒಂದೇ. ಡಾಕ್ಟರು ಕೊಟ್ಟದ್ದನ್ನು ದಾರದುಂಡೆಯ ಡಬ್ಬಿಯಲ್ಲಿ, ಬೇರು-ಪುಡಿಗಳನ್ನು ಗುಂಡಿ ಡಬ್ಬಿಯಲ್ಲಿ ಇಡುತ್ತಿದ್ದಳು. ಎರಡರ ನಡುವೆ ಸರಿಯಾಗಿ ಒಂದು ಗಂಟೆ ಬಿಡುತ್ತಿದ್ದಳು, ಹೊಟ್ಟೆಯೊಳಗೆ ಅವು ಮುಖಾಮುಖಿಯಾಗಿ ಜಗಳಕ್ಕೆ ಬೀಳಬಾರದೆಂದು. ಬೇರಿನ ಸುದ್ದಿ ಡಾಕ್ಟರಿಗಿಲ್ಲ, ಮಾತ್ರೆಯ ಸುದ್ದಿ ಬೇರು ಕೊಟ್ಟವರಿಗಿಲ್ಲ.

ಐವತ್ತೆಂಟನೆಯ ವಯಸ್ಸಿನ ಚಳಿಗಾಲದಲ್ಲಿ ಅವಳ ಬೆರಳ ಗೆಣ್ಣುಗಳು ಬಾತುಕೊಂಡವು. ಬೆಳಗ್ಗೆ ಸೂಜಿ ಹಿಡಿದರೆ ಬೇರೆ ಯಾರದೋ ಕೈಯಲ್ಲಿ ಹಿಡಿದ ಹಾಗೆ. ಒಂದು ಕೋಟಿನ ಕಾಜಾ ಸೊಟ್ಟಗಾಗಿ ಗಿರಾಕಿ ಹಿಂದಕ್ಕೆ ತಂದ. ಮಾಸ್ಟರ್ ಬೈಯಲಿಲ್ಲ. ಅವರು ಬೈಯದೆ ಇದ್ದದ್ದೇ ಅವಳಿಗೆ ಅನುಮಾನ.

"ಅತ್ತಿಗೆ, ಕೋಟಿನ ಕಾಜಾಕ್ಕೆ ಒಂದು ಮೆಷಿನ್ ತರೋಣ ಅಂತಿದೀನಿ. ನೀವು ಗುಂಡಿ ಹಚ್ಕೊಂಡು ಆರಾಮಾಗಿರಿ."

"ನನ್ನನ್ನೂ ಗುಂಡಿ ಜೊತೆ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿಬಿಡಿ ಮಾಸ್ಟರ್, ಇನ್ನೂ ಆರಾಮು."

"ಹಂಗಲ್ಲ. ಇನ್ನೆರಡು ತಿಂಗಳು ನೋಡೋಣ" ಎಂದರು ಅವರು.

ರಕ್ತದೊತ್ತಡಕ್ಕೆ ಅವಳು ತೋರಿಸುತ್ತಿದ್ದ ಡಾಕ್ಟರಮ್ಮ ಬೆರಳು ಮುಟ್ಟಿ ನೋಡಿ, ರಕ್ತ ಪರೀಕ್ಷೆಗೆ ಚೀಟಿ ಬರೆದರು. ಚೀಟಿಯನ್ನು ಅವಳು ಮಡಿಸಿ ಸೂಜಿ ಚುಚ್ಚಲು ಇಟ್ಟುಕೊಂಡಳು. ಆ ವಾರವೇ ನಾದಿನಿ ಕಾಗದದ ಪೊಟ್ಟಣದೊಂದಿಗೆ ಬಂದಳು.

"ಬರೀ ಬೇರು, ಅತ್ತಿಗೆ. ಬಸ್ ನಿಲ್ದಾಣದ ಹಿಂದೆ ಚಾಪೆ ಹಾಕ್ಕೊಂಡು ಕೂರ್ತಾನಲ್ಲ, ಅವನದು. ನನ್ನ ಮಂಡಿ ನೋಡು, ಹೆಂಗೆ ಮಡಿಸ್ತೀನಿ."

ಕಾಜಾ ಅತ್ತಿಗೆ ಪುಡಿಯನ್ನು ಮೂಸಿದಳು, ನಾಲಿಗೆಯ ತುದಿಗೆ ಹಚ್ಚಿದಳು. ಬೇರು ಕಹಿಯಿರಬೇಕು, ಇತ್ತು. ದಿನಕ್ಕೆರಡು ಚಮಚ ಶುರು ಮಾಡಿದಳು.

ಮೂರನೆಯ ಬೆಳಗ್ಗೆ ಬೆರಳುಗಳು ಹೂವಿನ ಹಾಗೆ ಬಿಚ್ಚಿಕೊಂಡವು. ಬೇರು ಎಂದೂ ಇಷ್ಟು ಅವಸರ ಮಾಡುವುದಿಲ್ಲ ಎಂದು ಒಳಗೊಬ್ಬಳು ಗೊಣಗಿದಳು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೋಬೇಡ ಎಂದು ಇನ್ನೊಬ್ಬಳು ಅವಳ ಬಾಯಿ ಮುಚ್ಚಿಸಿದಳು. ದಿನಕ್ಕೆ ನಾಲ್ಕು ಕೋಟು ಸಲೀಸಾಗಿ ಮುಗಿಯತೊಡಗಿದವು. ಮಾಸ್ಟರ್ ಮೆಷಿನ್ನಿನ ಮಾತೆತ್ತಲಿಲ್ಲ.

ಅತ್ತ ಡಾಕ್ಟರಮ್ಮನ ಬಳಿ ಅವಳ ರಕ್ತದೊತ್ತಡ ಏರುತ್ತಲೇ ಹೋಯಿತು. ಅರ್ಧ ಮಾತ್ರೆ ಒಂದಾಯಿತು, ಒಂದು ಎರಡಾಯಿತು. ಅನುಮಾನವೆಲ್ಲ ಹೋಗಿ ಆ ಮಾತ್ರೆಯ ಮೇಲೆ ಕೂತಿತು. ರೋಗ ಬೆಳೆಸಿ ಮದ್ದು ಮಾರುವವರು ಇವರೇ ಎಂದುಕೊಂಡು ಅವಳು ಡಾಕ್ಟರಮ್ಮನ ಮುಖವನ್ನು ಓರೆಗಣ್ಣಿನಲ್ಲಿ ನೋಡುತ್ತಿದ್ದಳು. ಹಾಲಿನವಳು ಮಾತ್ರ, "ಏನತ್ತಿಗೆ, ಕೆನ್ನೆ ತುಂಬ್ಕೊಂಡು ಮದುಮಗಳ ಥರ ಆಗಿದೀಯ?" ಎಂದಳು. ಅರವತ್ತರ ಹತ್ತಿರ ಬಂದವಳ ಕೆನ್ನೆ ಬಿಟ್ಟಿಯಾಗಿ ತುಂಬುತ್ತದೆಯೇ? ಆ ಹೊಗಳಿಕೆ ಗಂಟಲಿಗೆ ಸಿಕ್ಕಿದ ಮುಳ್ಳಿನಂತೆ ಉಳಿಯಿತು.

ಕೊನೆಗೆ ಸಾಕ್ಷಿ ಹೇಳಿದ್ದು ಅವಳದೇ ಅಂಗಿ. ಎರಡು ತಿಂಗಳ ಹಿಂದೆ ರಾತ್ರಿ ತೊಡಲೆಂದು ತಾನೇ ಹೊಲಿದುಕೊಂಡ ಅಂಗಿಯ ಕುತ್ತಿಗೆ ಬಿಗಿಯಾಗಿತ್ತು, ಹೊಟ್ಟೆ ಬಿಗಿಯಾಗಿತ್ತು, ತೋಳು ಮಾತ್ರ ಜೋಲುತ್ತಿತ್ತು. ಟೇಪು ಹಿಡಿದು ಅಳೆದಳು. ಕುತ್ತಿಗೆ ಒಂದಿಂಚು ಏರಿದೆ, ತೋಳು ಮುಕ್ಕಾಲಿಂಚು ಇಳಿದಿದೆ. ಮೂವತ್ತು ವರ್ಷದಲ್ಲಿ ಸಾವಿರಾರು ಮೈ ಅಳೆದ ಅಂಗಡಿಯಲ್ಲಿ ಕೂತವಳು. ಉಂಡು ದಪ್ಪಗಾದವರ ಅಳತೆ ಹೀಗಿರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಬಾಯಿಗೆ ಹೊಸದಾಗಿ ಬಂದದ್ದು ಯಾವುದು? ಮಾತ್ರೆ ಹಳೆಯದು. ಪುಡಿ ಹೊಸದು.

ಮರುದಿನ ಅಂಗಡಿಯ ಕಿಟಕಿಯ ಬಿಸಿಲಿನಲ್ಲಿ, ಕೋಟಿನೊಳಗೆ ಹಾಕುವ ಕಪ್ಪು ಲೈನಿಂಗ್ ಬಟ್ಟೆಯ ತುಂಡು ಹಾಸಿ, ಪೊಟ್ಟಣವನ್ನು ಅದರ ಮೇಲೆ ತೆಳುವಾಗಿ ಉದುರಿಸಿದಳು. ಕಂದು ಪುಡಿಯ ನಡುವೆ ಅಲ್ಲಲ್ಲಿ ಬಿಳಿ ಚುಕ್ಕಿ. ಸೂಜಿಯ ಮೊನೆಯಿಂದ ಒಂದೊಂದನ್ನೇ ಕೆದಕಿದಳು. ಸರಿಯಾಗಿ ಅರೆಯದೆ ಉಳಿದ ಒಂದು ಚೂರು ಸಿಕ್ಕಿತು. ಒಂದು ಮಗ್ಗುಲು ಗುಂಡಗೆ, ಮೇಲೆ ನುಣುಪು, ನುಣುಪಿನ ಮೇಲೆ ಅಚ್ಚುಕಟ್ಟಾಗಿ ಎಳೆದ ಒಂದು ಗೆರೆ, ಮಾತ್ರೆಯನ್ನು ಎರಡಾಗಿ ಮುರಿಯಲು ಇರುತ್ತದಲ್ಲ, ಅಂಥದು.

"ಮಾಸ್ಟರ್," ಎಂದಳು ತಲೆಯೆತ್ತದೆ, "ಬೇರಿಗೆ ಗೆರೆ ಕೊರೆಯೋರು ಯಾರಾದ್ರೂ ಇದಾರಾ?"

"ಏನತ್ತಿಗೆ?"

"ಏನಿಲ್ಲ. ಮಧ್ಯಾಹ್ನ ರಜೆ ಬೇಕು."

ನೇರವಾಗಿ ನಾದಿನಿಯ ಮನೆಗೆ ಹೋದಳು. ದಾರಿಯುದ್ದಕ್ಕೂ ಮನಸ್ಸು ಕೆಟ್ಟದ್ದನ್ನೇ ಹೊಲಿಯುತ್ತಿತ್ತು. ಪೊಟ್ಟಣಕ್ಕಿಷ್ಟು ಎಂದು ಇವಳಿಗೂ ಪಾಲಿದೆಯೋ ಏನೋ. ಅಣ್ಣ ಸತ್ತಾಗಿನಿಂದ ಒಳಗೆ ಏನಾದರೂ ಇಟ್ಟುಕೊಂಡಿದ್ದಾಳೋ ಏನೋ. ಬಾಗಿಲು ತೆರೆದ ಕೂಡಲೇ ಚೂರನ್ನು ಅಂಗೈಯಲ್ಲಿ ಹಿಡಿದು, "ಇದರಲ್ಲಿ ಏನಿದೆ ಅಂತ ನಿಂಗೆ ಗೊತ್ತಿತ್ತಾ?" ಎಂದಳು.

"ಗೊತ್ತಿದ್ರೆ ನಾನು ವರ್ಷದಿಂದ ತಿಂತಿದ್ನಾ, ಅತ್ತಿಗೆ?"

ಆಗ ಕಾಜಾ ಅತ್ತಿಗೆ ಅವಳ ಮುಖವನ್ನು ಸರಿಯಾಗಿ ನೋಡಿದಳು. ಎರಡು ಕೆನ್ನೆ ಉಬ್ಬಿದ ಪೂರಿಯ ಹಾಗೆ ದುಂಡಗಿದ್ದವು. ಚೆನ್ನಾಗಿ ಉಂಡುಕೊಂಡಿದ್ದಾಳೆ ಎಂದು ವರ್ಷವಿಡೀ ಹೊಟ್ಟೆಕಿಚ್ಚುಪಟ್ಟಿದ್ದು ಅದೇ ಕೆನ್ನೆಗೆ. "ಸೀರೆ ಸರಿ ಮಾಡ್ಕೋ, ನಡಿ" ಎಂದಳು.

ಡಾಕ್ಟರಮ್ಮ ಚೂರನ್ನೂ ಇಬ್ಬರ ಮುಖವನ್ನೂ ನೋಡಿದರು. "ಸ್ಟಿರಾಯ್ಡ್ ಇದ್ದ ಹಾಗಿದೆ. ನೋವು ಬೇಗ ಇಳಿಸುತ್ತೆ, ಆದ್ರೆ ಮುಖ ಉಬ್ಬಿಸಿ ರಕ್ತದೊತ್ತಡ ಏರಿಸುತ್ತೆ. ಪರೀಕ್ಷೆ ಮಾಡಿಸೋಣ. ಅಮ್ಮಾ, ಪುಡಿ ತಿಂತಿದೀನಿ ಅಂತ ನೀವು ನಂಗೆ ಹೇಳ್ಲೇ ಇಲ್ಲ."

"ನೀವು ಕೇಳ್ಲೇ ಇಲ್ಲ."

ಕೇಳಿದ್ದರೂ ಹೇಳುತ್ತಿರಲಿಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಬಹುಶಃ ಡಾಕ್ಟರಮ್ಮನಿಗೂ.

"ಸರಿ, ಇವತ್ತೇ ಚರಂಡಿಗೆ ಸುರೀತೀನಿ" ಎಂದು ಅವಳು ಎದ್ದಳು.

"ಬೇಡ. ಒಮ್ಮೆಗೇ ನಿಲ್ಲಿಸಿದ್ರೆ ಮೈ ಕುಸಿಯುತ್ತೆ, ಜೀವಕ್ಕೇ ಅಪಾಯ. ಅದೇ ಮದ್ದನ್ನ ಅಳತೆ ಮಾಡಿ ಇಬ್ಬರಿಗೂ ನಾನು ಕೊಡ್ತೀನಿ. ಸ್ವಲ್ಪ ಸ್ವಲ್ಪ ಇಳಿಸ್ತಾ ಹೋಗೋಣ."

ಅವಳ ಹುಬ್ಬು ಗಂಟಿಕ್ಕಿತು. "ಅವನು ಕೊಟ್ರೆ ವಿಷ, ಅದನ್ನೇ ನೀವು ಕೊಟ್ರೆ ಮದ್ದಾ?"

"ಅವನು ಎಷ್ಟು ಹಾಕಿದ್ದ ಅಂತ ಅವನಿಗೇ ಗೊತ್ತಿಲ್ಲ, ಅಮ್ಮಾ. ನಾನು ಎಷ್ಟು ಕೊಡ್ತೀನಿ ಅಂತ ಈ ಚೀಟೀಲಿ ಬರೆದು ಕೊಡ್ತೀನಿ. ವಾರ ವಾರ ಬನ್ನಿ, ನೋಡ್ತಾ ಇಳಿಸ್ತೀನಿ."

ಮನೆಗೆ ಬಂದು ಆ ಚೀಟಿಯನ್ನು ಬೆಳಕಿಗೆ ಹಿಡಿದು ಕೂತಳು. ನಂಬಲು ಮನಸ್ಸಿಲ್ಲ, ಬಿಡಲು ಧೈರ್ಯವಿಲ್ಲ. ತೊಡೆಯ ಮೇಲೆ ಕುತ್ತಿಗೆ ಬಿಗಿಯಾದ ಅದೇ ಅಂಗಿ. ಹೊಲಿಗೆ ಬಿಚ್ಚಿ ಸಡಿಲ ಮಾಡಬೇಕಿತ್ತು. ಕೈ ತಾನಾಗಿ ಕತ್ತರಿಯ ಮೊನೆಯಿಂದ ಒಂದೊಂದೇ ಎಳೆ ಕತ್ತರಿಸತೊಡಗಿತು. ಒತ್ತು ಹೊಲಿಗೆಯನ್ನು ಹಿಡಿದೆಳೆದರೆ ಬಟ್ಟೆಯೇ ಹರಿದು ಬರುತ್ತದೆ ಎಂದು ಅಂಗಡಿಗೆ ಬರುವ ಹೊಸಬರಿಗೆ ಅವಳೇ ಗದರಿಸಿ ಕಲಿಸಿದ್ದು. ಅರ್ಧ ಕುತ್ತಿಗೆ ಬಿಚ್ಚುವಷ್ಟರಲ್ಲಿ, ಇಳಿಸುವ ಮಾತು ನಿಜವಿದ್ದರೂ ಇರಬಹುದು ಎನ್ನಿಸಿತು. ಮಾತ್ರೆ ನುಂಗಿದಳು. ನುಂಗುವ ಮೊದಲು ಕಪ್ಪು ಬಟ್ಟೆಯ ಮೇಲಿಟ್ಟು ನೋಡಿದ್ದಳು, ಆ ಮಾತು ಬೇರೆ.

ಪೊಟ್ಟಣ ಮಾರಿದವನನ್ನು ಮುಖಕ್ಕೆ ಉಗಿಯುತ್ತೇನೆಂದು ನಾದಿನಿ ಬಸ್ ನಿಲ್ದಾಣಕ್ಕೆ ಹೋದಳು. ಆ ಚಾಪೆಯ ಜಾಗದಲ್ಲಿ ಒಬ್ಬ ಬಾಚಣಿಗೆ ಮಾರುತ್ತಿದ್ದ. ಅವನಿಗೆ ಏನೂ ಗೊತ್ತಿರಲಿಲ್ಲ.

ಮದ್ದು ಇಳಿದಂತೆ ಇಬ್ಬರ ಕೆನ್ನೆಯೂ ಇಳಿಯಿತು. ಕಾಜಾ ಅತ್ತಿಗೆಯ ಒತ್ತಡ ಇಳಿಯಿತು, ಬೆರಳ ನೋವು ಮಾತ್ರ ಮರಳಿ ಬಂತು. ಸೂಜಿ ಚುಚ್ಚಿ ಚುಚ್ಚಿ ಜರಡಿಯಾಗಿದ್ದ ಆ ಹಳೆಯ ಪರೀಕ್ಷೆಯ ಚೀಟಿಯನ್ನೇ ಹಿಡಿದು ಹೋಗಿ ಅವಳು ರಕ್ತ ಕೊಟ್ಟು ಬಂದಳು. ಗೆಣ್ಣಿಗೆ ಬೇರೆ ಮಾತ್ರೆ ಶುರುವಾಯಿತು. ಅದು ಹಿಡಿಯಲು ತಿಂಗಳುಗಳು ಬೇಕು ಎಂದಾಗ, ಅವಸರ ಮಾಡದ ಮದ್ದೆಂದು ಅವಳಿಗೆ ಅದರ ಮೇಲೆ ತುಸು ಗೌರವ ಬಂತು. ಬೆಳಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ, ಬೆಚ್ಚಗಿನ ಹರಳೆಣ್ಣೆ ತಿಕ್ಕುವುದನ್ನು ಡಾಕ್ಟರಮ್ಮ ಬೇಡವೆನ್ನಲಿಲ್ಲ. ಕೇಳಿಯೇ ಮಾಡಿದ್ದು ಈ ಸಲ. ಎರಡು ಡಬ್ಬಿಯ ಸಾಮಾನು ಒಂದೇ ಡಬ್ಬಿಗೆ ಬಂತು. ಪ್ರತಿ ಸಲವೂ ಅದನ್ನು ಡಾಕ್ಟರಮ್ಮನ ಮೇಜಿನ ಮೇಲೆ ತೆರೆದಿಡುತ್ತಿದ್ದಳು.

ಎರಡು ತಿಂಗಳ ಗಡುವು ಮುಗಿದು ಎಷ್ಟೋ ದಿನವಾಗಿತ್ತು. ಮಾಸ್ಟರ್ ಕೇಳುವ ಮೊದಲೇ ಅವಳೇ ಹೇಳಿದಳು. "ದಿನಕ್ಕೆ ನಾಲ್ಕು ಹಾಕ್ತಿದ್ದೋಳು ನಾನಲ್ಲ, ಆ ಪುಡಿ. ನನ್ನ ಕೈಗೆ ಎರಡೇ. ಮಿಕ್ಕಿದ್ದಕ್ಕೆ ಮೆಷಿನ್ ತಂದ್ಕೊಳ್ಳಿ."

ಮಾಸ್ಟರ್ ಮುಂದಿದ್ದ ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆದರು. "ಆ ಎರಡು ನಿಮ್ಮ ಕೈಯದೇ ಇರ್ಲಿ" ಎಂದರು.

ಮೆಷಿನ್ ಬಂತು. ಅವಳ ಸ್ಟೂಲು ಕಿಟಕಿಯ ಬಳಿಯೇ ಉಳಿಯಿತು. ಬಿಸಿನೀರಿನಿಂದ ಬಂದ ಕೆಂಪು ಕೈಯಲ್ಲಿ ತನ್ನ ಎರಡು ಕೋಟು ಮುಗಿಸಿದ ಮೇಲೆ, ಸಂಜೆ ಹೊರಡುವ ಮುನ್ನ, ಅವಳು ಮೆಷಿನ್ನಿನ ಕಾಜಾಗಳಿಗೆ ಒಂದೊಂದಾಗಿ ಬೆರಳು ತೂರಿಸಿ ಎಳೆದು ನೋಡುತ್ತಾಳೆ. ಯಾರೂ ಹೇಳಿಲ್ಲ. ಆದರೂ ನೋಡುತ್ತಾಳೆ.