‘ಇಷ್ಟೇ’ ಎಂದರೆ ಸಿಡಿಯುವ ಮೇಷ್ಟ್ರು

ಕೆಮಿಸ್ಟ್ರಿ ಮೇಷ್ಟ್ರ ಮುಂದೆ ಯಾರೂ ‘ಇಷ್ಟೇ’ ಅನ್ನುವ ಹಾಗಿಲ್ಲ. “ಉಪ್ಪು ಉಳಿದಿರೋದು ಇಷ್ಟೇ ಕಣ್ರೀ” ಎಂದು ಹೆಂಡತಿ ಅಂದರೆ, ಅದನ್ನು ತಕ್ಕಡಿಗೆ ಸುರಿದು, “ಐವತ್ತೆಂಟೂವರೆ ಗ್ರಾಂ! ಪೂರ್ತಿ ಒಂದು ಮೋಲ್, ಕೆಮಿಸ್ಟ್ರಿಯಲ್ಲಿ ಕಣ ಎಣಿಸೋ ಡಜನ್ನು ಕಣೇ!” ಎಂದು ಕುಣಿಯುತ್ತಾರೆ. ತರಗತಿಯಲ್ಲಿ ಹದಿನೆಂಟು ಗ್ರಾಂ ನೀರನ್ನು ಒಂದೇ ಗುಟುಕಿಗೆ ಕುಡಿದು, “ಇದೂ ಒಂದು ಮೋಲ್! ಎಷ್ಟು ಅಣು ನುಂಗ್ದೆ ಗೊತ್ತೇನ್ರೋ?” ಎಂದು ಆರರ ಮುಂದೆ ತಟ್ಟೆಯಗಲದ ಇಪ್ಪತ್ತಮೂರು ಸೊನ್ನೆ ಬರೆಯುತ್ತ ಬೋರ್ಡು ದಾಟಿ ಗೋಡೆಗೆ ಹೋಗುತ್ತಾರೆ. ಈ ಹುಚ್ಚು ಹತ್ತಿದ್ದು ಆಸ್ಪತ್ರೆಯಲ್ಲಿ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗಳನ್ನು ತೂಗಿದ ನರ್ಸ್, “ಒಂಬೈನೂರು ಗ್ರಾಂ, ಇಷ್ಟೇ” ಎಂದು ತಲೆ ತಗ್ಗಿಸಿದಾಗ, ಮೇಷ್ಟ್ರು ಚೀಟಿಯ ತುಂಬ ಸೊನ್ನೆ ಬರೆದು ತೋರಿಸಿದ್ದರು: “ಇಷ್ಟೇ ಅನ್ಬೇಡಿ ಸಿಸ್ಟರ್, ಎಷ್ಟೊಂದಿದಾಳೆ ನೋಡಿ!” ಆ ಮಗಳೇ ಈಗ ಮೊದಲ ಬೆಂಚಿನಿಂದ ಕೂಗುತ್ತಾಳೆ: “ಅಪ್ಪಾ, ನಿಲ್ಸು, ಕಿಟಕಿ ಬಂತು!”